ಒಂದು ನೂಲು ಜಾಸ್ತಿ

ನನ್ನ ಅಳತಿಪಟ್ಟಿ ಸುಳ್ಳ ಹೇಳತೈತಿ.
ಅದರ ಲೆಕ್ಕದಾಗ ಒಂದು ಅಡಿ ಅಂದ್ರ
ಅಡಿಯ ಮ್ಯಾಲ ಒಂದು ನೂಲು.
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಪ್ಯಾಟರ್ನ್ ಶೆಡ್ಡಿನೊಳಗ
ಮೂವತ್ತೊಂದು ವರ್ಷ ಅದನ್ನ ಖರೇ ಅಂತ ಹಿಡಕೊಂಡು ದುಡಿದೆ.
ಕುದಿಯೋ ಕಬ್ಬಿಣ ಆರಿದ ಮ್ಯಾಲ ಕುಗ್ಗತೈತಿ ನೋಡ್ರಿ,
ಎಷ್ಟು ಕುಗ್ಗತೈತೋ ಅಷ್ಟು ಕಟ್ಟಿಗಿಯೊಳಗ ಮೊದಲ ಬಿಡಬೇಕು.
ಫೋರಮನ್ ಡಿಕ್ರೂಜ್ ಅಂತಿದ್ರು:
"ಹಜರೇಸಾಬ, ಪಟ್ಟಿ ಸುಳ್ಳ ಹೇಳಲಿ, ನಿನ್ನ ಕೈ ಹೇಳಬಾರದು."

ಬ್ರೇಕಿನ ಶೂ, ಆಕ್ಸಲ್ ಬಾಕ್ಸು,
ಎಲ್ಲಾ ಸಾಗವಾನಿಯೊಳಗ ಮೊದಲ ನಾನ ಮಾಡಿದ್ದು.
ಉಸುಕಿನ್ಯಾಗ ಒತ್ತಿ ತಗದ್ರ ಉಳಿಯೋದು ಒಂದು ತೆಗ್ಗು,
ಆ ತೆಗ್ಗಿನೊಳಗ ಕಬ್ಬಿಣ ಹೋಗಿ ಕುಂದರತಿತ್ತು,
ನನ್ನ ಕಟ್ಟಿಗಿ ಮೈತುಂಬ ನಂಬರ್ ಬರಸಿಕೊಂಡು
ಕಪಾಟಕ್ಕ ವಾಪಸ್ ಬರತಿತ್ತು.
ನಾ ಮಾಡಿದ್ದು ಒಂದೂ ಗಾಡಿ ಏರಲಿಲ್ಲ.

ರಿಟೈರ್ ಆದ ದಿನ ಶಾಲು ಹೊಚ್ಚಿ ಗೋಡೆ ಗಡಿಯಾರ ಕೊಟ್ರು.
ಪ್ಲಾಸ್ಟಿಕಿಂದು. ಬಣ್ಣ ಮಾತ್ರ ಕಟ್ಟಿಗಿದು.

ಅದರ ಹೊಟ್ಟಿ ಬಿಚ್ಚಿ ಮಷೀನ್ ತಗದೆ.
ಮಂಟೂರ ರೋಡಿನ ನಮ್ಮ ಓಣ್ಯಾಗ ಆ ವಾರ
ಎದುರುಮನಿ ಗೌರೀಶಗ ಏಳು ತುಂಬಿತ್ತು.
ಏನ ಬೇಕಪಾ ಅಂದೆ.
ಕುದುರಿ ಅಂತಾನ, ಆನಿ ಅಂತಾನ, ಅಂತ ತಿಳಿದಿದ್ದೆ.
ಜೇಸೀಬಿ ಅಂದ.

ಆತು. ಕಿತ್ತ ಬಾಗಿಲದ ಸಾಗವಾನಿ ತುಂಡು ಇತ್ತು.
ಹತ್ತರಿ ಹೊಡದೆ, ಹಲ್ಲಿನ ಬಕೆಟ್ ಕೊರದೆ,
ದೊಡ್ಡ ಗಾಲಿಯೊಳಗ ಗಡಿಯಾರದ ಮುಖ,
ಅಂಕಿ ಕನ್ನಡದಾಗ, ಉಳಿಲೆ ಕೆತ್ತಿದ್ದು. ೭ ಸ್ವಲ್ಪ ಸೊಟ್ಟ.
ಮುಳ್ಳೂ ಕಟ್ಟಿಗಿದ, ದಪ್ಪಗ, ಗಟ್ಟಿಮುಟ್ಟ.
ರೈಲ್ವೆದಾಂವ ಅಲ್ಲೇನ್ರಿ.

ಹನ್ನೆರಡರಿಂದ ಆರಕ್ಕ ಇಳಕಲು, ಸಲೀಸ ಬಂತು.
ಆರರಿಂದ ಏರು.
ಒಂಬತ್ತರ ಅಂಕಿ ಹತ್ರ ದೊಡ್ಡ ಮುಳ್ಳು ನಿಂತಬಿಟ್ತು,
ಕ್ಯಾಸಲ್‌ರಾಕ್ ಘಾಟಿನ್ಯಾಗ ಗೂಡ್ಸ್ ಗಾಡಿ ದಮ್ಮ ಹತ್ತಿ ನಿಂತಂಗ.
ಟಿಕ್ ಅಂತೈತಿ, ಅಲ್ಲೇ ನಡಗತೈತಿ, ಮುಂದ ಹೋಗವಲ್ದು.
ಪೌಣೆ ಒಂಬತ್ತು.
ಗೌರೀಶಗ ಭಾಳ ಖುಷಿ. ಒಂಬತ್ತಕ್ಕ ಸಾಲಿ ವ್ಯಾನು.
"ಅಜ್ಜಾ, ರಿಪೇರಿ ಮಾಡಬ್ಯಾಡ್ರಿ."
ಸಂಜಿಗಿ ಅವರವ್ವನ ಗಡಿಯಾರ ಸೆರಗಿನ್ಯಾಗ ಸುತ್ತಿ ತಂದ್ಲು.

ಜಾಸ್ತಿ ಬಿಡೋದಷ್ಟ ಗೊತ್ತಿದ್ದ ಕೈ ಇದು.
ರಾತ್ರಿ ಕುಂತು ಮುಳ್ಳು ಹೆರದೆ,
ಗಾಜಿನ ಚೂರಿಲೆ, ಆಮ್ಯಾಲ ಪಾಲಿಶ್ ಪೇಪರಿಲೆ,
ಲೈಟಿಗೆ ಹಿಡಿದ್ರ ಆಚಿ ಬೆಳಕು ಕಾಣೋ ಅಷ್ಟು.
"ಹಪ್ಪಳಾ ಮಾಡಾಕ ಹತ್ತೀರೇನು?" ಅಂದ್ಲು ಜುಬೇದಾ.
ಅಷ್ಟಾದ್ರೂ ಹನ್ನೊಂದರ ಹತ್ರ ಮತ್ತ ನಿಂತು ನಡಗಿತು.
ಅವಾಗ ನೆನಪಾತು,
ಘಾಟಿನ್ಯಾಗ ಹಿಂದಿಂದ ಒಂದು ಎಂಜಿನ್ ನೂಕತೈತಿ.
ಮುಳ್ಳಿನ ಬಾಲಕ್ಕ ತೂತು ಕೊರದು
ಹಳೇ ಊಟದ ಡಬ್ಬಿಯೊಳಗ ಉಳಿದಿದ್ದ
ಎರಕದ ಒಂದು ಹನಿ ಕೂಡಿಸಿದೆ, ಜ್ವಾಳದ ಕಾಳಿನಷ್ಟು.

ಏರಿತು.

ಈಗ ಹದಿನಾಕು ಆಗ್ಯಾವ. ಮಷೀನ್ ದುರ್ಗದಬೈಲಿಂದ ತರತೇನಿ.
ಮೆಹಕಗ ಆಡು ಆತು, ಗಡ್ಡ ಸಮೇತ.
ಸಾವಂತನ ಮಗಳಿಗೆ ಕಿವಿ ಕೇಳೂದಿಲ್ಲ,
ಆಕಿ ಕಟ್ಟಿಗಿ ಮ್ಯಾಲ ಅಂಗೈ ಇಟ್ಟು
ಟಿಕ್ ಅನ್ನೋದನ್ನ ಬೆರಳಿಲೆ ಎಣಸತಾಳ,
ಅರವತ್ತಕ್ಕ ನನ್ನ ಮಾರಿ ನೋಡತಾಳ.

ಮೊಳಿ ಹೊಡಿಯೋದೂ ನಾನ,
ಹುಡುಗರ ಕಣ್ಣಿಗಿಂತ ಒಂದು ಗೇಣು ಮ್ಯಾಲ.
"ಭಾಳ ಎತ್ತರಾತಲ್ಲ" ಅಂತಾರ ಮನಿಯವರು.
ಕಬ್ಬಿಣಕ್ಕ ಒಂದು ನೂಲು ಅಂತ ಪಟ್ಟಿ ಐತಿ,
ಬೆಳಿಯೋ ಕೂಸಿಗಿ ಎಷ್ಟು ಬಿಡಬೇಕಂತ
ಡಿಕ್ರೂಜ್ ಸಾಹೇಬರೂ ಹೇಳಿರಲಿಲ್ಲ.

ಮೊನ್ನೆ ಮುಂಜಾನಿ ಗೌರೀಶನ ಮನಿಯೊಳಗ ಹಣಿಕಿ ಹಾಕಿದೆ.
ಬಕೆಟ್ ಬೋರಲ ಹಾಕಿ ಅದರ ಮ್ಯಾಲ ಏರ್ಯಾನ,
ಒಂದು ಬೂಟು ಕಾಲಾಗ, ಒಂದು ಕಂಕಳಾಗ,
ದೊಡ್ಡ ಮುಳ್ಳನ್ನ ಒಂಬತ್ತರ ಮ್ಯಾಲ
ಬೆರಳಿಲೆ ಒತ್ತಿ ಹಿಡಕೊಂಡು ನಿಂತಾನ.
ಹೊರಗ ವ್ಯಾನು ಹಾರ್ನ್ ಹೊಡ್ಯಾಕ ಹತ್ತಿತ್ತು.