ಬಾಯಿ ಮುಚ್ಚಿಸುವ ಎಣ್ಣೆ

ಎಂಟು ಲಕ್ಷ ಕಿಲೋಮೀಟರಿಗೆ ಮೀಟರು ನಿಂತು
ಎರಡು ವರ್ಷ. ಅಲ್ಲಿಂದಾಚೆಗಿನ ಲೆಕ್ಕ ಗಟ್ಟಪ್ಪನ ಬಾಯಲ್ಲಿ,
ಅದೂ ಕೇಳುವವರ ಮುಖ ನೋಡಿಕೊಂಡು.

ಶ್ರೀನಿವಾಸಪುರದ ಮಂಡಿಗಳಿಂದ ಮಾವು ಹೊತ್ತ ಲಾರಿ.
ಟ್ಯಾಪೆಟ್ಟು ಟಿಕ್ಕು ಟಿಕ್ಕು,
ಹಿತ್ತಾಳೆ ಬಿಂದಿಗೆಗೆ ಯಾರೋ ಉಗುರು ಬಡಿದ ಹಾಗೆ.
'ಸೋಮವಾರ ಗಿರಾಕಿ ಬರ್ತಾನೆ. ಬಿಚ್ಚೋದೆಲ್ಲ ಬೇಡ,
ಬಾಯಿ ಮುಚ್ಚಿಸು ಸಾಕು,' ಅಂದ.

ಅದಕ್ಕೂ ನನ್ನ ಅಂಗಡಿಯಲ್ಲಿ ಸೀಸೆಯಿದೆ.
ಜೇನಿನ ಬಣ್ಣ, ಜೇನಿಗಿಂತ ಮಂದ.
ಬಗ್ಗಿಸಿದರೆ, ಹೊರಟು ನಿಂತ ನೆಂಟನ ಹಾಗೆ
ಬಾಗಿಲಲ್ಲೇ ತಡೆಯುತ್ತದೆ.
ಎರಡು ಹುಯ್ದೆ.
ಚಿಂತಾಮಣಿ ರಸ್ತೆಯಲ್ಲಿ ಒಂದು ಸುತ್ತು ಹೋದೆವು.
ಟಿಕ್ಕು ಮೆತ್ತಗಾಯಿತು, ಆಮೇಲೆ ಇಲ್ಲ.
ಹಿಂದಿನ ಹಲಗೆ ಕಿರುಗುಟ್ಟುವುದು ಕೇಳಿ ಗಟ್ಟಪ್ಪ
'ಇದೆಲ್ಲಿತ್ತು ಇಷ್ಟು ದಿನ?' ಅಂದ.

ಸೋಮವಾರ ಬಂದವನು ನಯೀಮ.
ನನ್ನಲ್ಲೇ ಸ್ಪ್ಯಾನರು ಹಿಡಿಯಲು ಕಲಿತವನು,
ಈಗ ಮುಳಬಾಗಿಲಲ್ಲಿ ಮೂರು ಲಾರಿ.
ಸಲಾಮು ಹೇಳಿ, ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ,
ಕಿವಿಗೆ ಹಿಡಿ, ಕಣ್ಣು ಮುಚ್ಚಿ ನಿಂತ.
ನಾನೇ ಕಲಿಸಿದ್ದು.
ಏನೂ ಕೇಳಿಸಿರಲಾರದು.

ಆಮೇಲೆ ಆಯಿಲ್ ಕಡ್ಡಿ ಎಳೆದ.
ಒಂದು ಹನಿ, ಹೆಬ್ಬೆರಳು ತೋರುಬೆರಳ ನಡುವೆ.
ಬೆರಳು ಬಿಡಿಸಿದ. ಎಣ್ಣೆ ದಾರವಾಯಿತು.
ಇನ್ನೂ ಬಿಡಿಸಿದ. ಕಡಿಯಲಿಲ್ಲ.

ಇದನ್ನು ನಾನು ಕಲಿಸಿರಲಿಲ್ಲ.

'ನಲವತ್ತು ಸಾವಿರ ಇಳಿಸ್ಕೊಳ್ಳಿ ಅಣ್ಣ,' ಅಂದ
ಗಟ್ಟಪ್ಪನಿಗೆ. ಯಾಕೆಂದು ಹೇಳಲಿಲ್ಲ,
ನನ್ನ ಕಡೆ ನೋಡಲೂ ಇಲ್ಲ.
ಬೆರಳೊರೆಸಲು, ತಿರುಗದೆಯೇ
ಹಿಂದಕ್ಕೆ ಕೈ ಚಾಚಿದ.

ಬಟ್ಟೆ ಇನ್ನೂ ಅದೇ ಮೊಳೆಯಲ್ಲಿತ್ತು.