ಹದಿನಾಲ್ಕನೇ ಪುಟ

ದುರ್ಗಿಗುಡಿಯಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ
ನನ್ನದು ಡಿಟಿಪಿ ಕೆಲಸ.
ಮದುವೆ ಕಾಗದ, ವೈಕುಂಠ ಸಮಾರಾಧನೆ, ಸೊಸೈಟಿಯ ಲೆಕ್ಕಪತ್ರ.
ಯುಗಾದಿ ಹತ್ತಿರವಾದರೆ ಕಂಪನಿಯ ವರದಿ.

ಈ ಸಲ ‘ಸುಸ್ಥಿರತೆ’ ಎಂದು ನಲವತ್ತೊಂದು ಕಡೆ ಇತ್ತು.
ಫಾಂಟು ಬದಲಾದಾಗಲೆಲ್ಲ ಥ-ಒತ್ತು ಕಳಚಿ ಬೀಳುತ್ತಿತ್ತು.
ಎತ್ತಿ ಎತ್ತಿ ಸಿಕ್ಕಿಸಿದೆ,
ಸಡಿಲಾದ ಬಾಗಿಲಿಗೆ ಚಿಲಕ ಸಿಕ್ಕಿಸಿದ ಹಾಗೆ.

“ಅಂಕಿಸಂಖ್ಯೆ ಯಾರೂ ಓದಲ್ಲ ಇವರೇ,
ಒಂದು ಮುಖ ಬೇಕು, ಒಂದು ಕತೆ,”
ಎಂದರು ಸಂವಹನ ವಿಭಾಗದ ವಾರುಣಿ ಮೇಡಂ.
ಒಳ್ಳೆಯವರು. ಸುಳ್ಳು ಬರೆಸುವವರಲ್ಲ.
ಬಂದಾಗಲೆಲ್ಲ ನನಗೂ ಒಂದು ಬನ್ನು ತರುತ್ತಾರೆ.

ಮುಖ ಬಂತು, ಪೆನ್‌ಡ್ರೈವಿನಲ್ಲಿ:
ಹೊಸನಗರದಾಚೆಯ ದುಗ್ಗಮ್ಮ, ಉಪ್ಪಾಗೆ ಒಣಗಿಸುವವಳು.
ಬಿಸಿಲಿಲ್ಲದ ತಿಂಗಳಲ್ಲೇ ಹಣ್ಣಾಗುವ ಹಠ ಅದಕ್ಕೆ,
ಹಾಗಾಗಿ ಬೆಂಕಿಯೇ ಬಿಸಿಲು,
ಮೂಟೆ ಸಿಪ್ಪೆಗೆ ಗಾಡಿ ಕಟ್ಟಿಗೆ.
ಕಂಪನಿ ಕೊಟ್ಟಿತು, ಕಡಿಮೆ ಉರುವಲಿನ ಒಲೆ.
ಇಷ್ಟು ಕತೆ. ನಿಜವಾದದ್ದೇ.

ಮೊದಲ ಕರಡಿನಲ್ಲಿ ಅವಳು ಹೀಗೆ ಮಾತಾಡಿದ್ದಳು:
“ಒಲೆ ಅಡ್ಡಿಲ್ಲ. ಕಟ್ಟಿಗೆ ಅರ್ಧ ಸಾಕು.
ಆದರೆ ಸಣ್ಣದು ಮಾರಾಯ್ರೆ,
ಮೂರು ಬುಟ್ಟಿ ತಂದ್ರೆ ಒಂದೇ ಹಿಡಿಸೋದು.
ಉಳಿದದ್ದು ಕೊಳೀತದೆ ಅಂತ ಹಳೇ ಒಲೆಗೂ ಬೆಂಕಿ ಹಾಕ್ತೀವಿ.”

ಎರಡನೇ ಕರಡಿನಲ್ಲಿ ಹಳೇ ಒಲೆ ಆರಿತು.
ಮೂರನೆಯದರಲ್ಲಿ ಬುಟ್ಟಿಗಳು ಹೋದವು.
ನಾಲ್ಕರಲ್ಲಿ ‘ಆದರೆ’ ಹೋಯಿತು,
ಕೀಲಿಮಣೆಯ ಮೇಲೆ ಟಕ್ಕೆಂಬಷ್ಟು ಸದ್ದು.
ಐದರಲ್ಲಿ ತಲೆಬರಹ: ಬದಲಾವಣೆಯ ಹರಿಕಾರಳು.

ಅದೊಂದು ಬಿಟ್ಟರೆ ಸೇರಿಸಿದ್ದು ಏನಿಲ್ಲ, ತೆಗೆದದ್ದಷ್ಟೆ.
ಉಳಿದ ಮಾತೆಲ್ಲ ಅವಳೇ ಆಡಿದ್ದು.
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಅಂದುಕೊಂಡೆ.
ಅಕ್ಕಿ ಯಾವುದು ಕಲ್ಲು ಯಾವುದು ಎಂದು ಕೇಳುವ ರೇಟು ನನ್ನದಲ್ಲ,
ಪುಟಕ್ಕೆ ನೂರಿಪ್ಪತ್ತು.

“ಎಡಗಡೆ ಹೊಗೆ ಇದೆ ನೋಡಿ, ಚೂರು ಕ್ರಾಪ್ ಮಾಡಿ.”
ಮಾಡಿದೆ.
ಹೊಗೆಯ ಜೊತೆ ಎಡಗೈಯೂ ಹೋಯಿತು.
ನಗು ಉಳಿಯಿತು, ಹದಿನಾಲ್ಕನೇ ಪುಟ ತುಂಬ,
ಹೊಳೆಯುವ ಕಾಗದದ ಮೇಲೆ.

ಆಷಾಢ ಹಿಡಿದು ಎಂಟು ದಿನಕ್ಕೆ ಫೋನು.
ವರದಿಯ ಬೆನ್ನಿಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ನಮ್ಮ ನಂಬರೂ ಇತ್ತು.
“ಕಂಪನಿಯೋರು ಎತ್ತಲ್ಲ. ಪುಸ್ತಕ ಮಾಡಿದೋರು ನೀವೇ ಅಲ್ವಾ?
ಕತೆ ಚಂದ ಆಗಿದೆಯಂತೆ, ಮೊಮ್ಮಗಳು ಓದಿ ಹೇಳ್ತು.
ಮುಂದಿಂದೂ ಬರ್ಕೊಳ್ಳಿ:
ಒಲೆಯ ಜಾಲರಿ ಸುಟ್ಟು ಬಿದ್ದುಹೋಗಿದೆ.
ಹಣ್ಣು ಉದುರ್ತಾ ಇದೆ.”

ನಾನು ಬರೆಯುವವನಲ್ಲಮ್ಮ, ಅಂದೆ,
ಬರೀ ಜೋಡಿಸುವವನು.
“ಜೋಡಿಸೋರೇ ಬೇಕಿತ್ತು,” ಅಂದಳು.

ಏನು ಮಾಡಲಿ.
ಹಳೆಯ ಪ್ರೂಫಿನ ಹಿಂಬದಿ ತಿರುಗಿಸಿಟ್ಟುಕೊಂಡು
ಅಳತೆ ಹೇಳಿ, ಅಂದೆ.
ಭದ್ರಾವತಿಯಲ್ಲಿ ನನ್ನ ಷಡ್ಡಕನ ವೆಲ್ಡಿಂಗ್ ಶಾಪಿದೆ.

“ಉದ್ದ ಎರಡು ಗೇಣು. ಅಗಲ ಒಂದು ಗೇಣು ನಾಲ್ಕು ಬೆರಳು.”
ಯಾರ ಗೇಣು?
“ನಂದೇ. ಮತ್ಯಾರ್ದು.”

ಪಾಯಿಂಟು, ಪೈಕಾ, ಮಿಲಿಮೀಟರು.
ನನ್ನ ಸ್ಕ್ರೀನಿನ ಅಳತೆಪಟ್ಟಿಯಲ್ಲಿ ಗೇಣು ಇಲ್ಲ.

ಕತ್ತರಿಸದ ಫೋಟೊ ಹುಡುಕಿ ತೆರೆದೆ.
ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು:
ಸೂರು, ಹೊಗೆ, ಇನ್ನಷ್ಟು ಹೊಗೆ,
ಅದರೊಳಗೆ ಎಡಗೈ,
ಹೆಬ್ಬೆರಳು ಕಿರುಬೆರಳು ಪೂರ್ತಿ ಬಿಡಿಸಿ
ಒಲೆಯ ಅಂಚಿಗೆ ಒತ್ತಿ ಹಿಡಿದದ್ದು.
ಅವಳು ಆಗಲೇ ಅಳೆಯುತ್ತಿದ್ದಳು.