ತಡಿ

ಮಾಕುಟ್ಟದ ಗೇಟಿನಲ್ಲಿ ಹನ್ನೊಂದು ವರ್ಷ
ತಡೆಯುವುದೇ ನನ್ನ ಸಂಬಳ.
ಬಿದಿರ ಗಳ, ಬುಡಕ್ಕೆ ಕಟ್ಟಿದ ಕಲ್ಲು,
ಕೆಂಪು ಬಿಳಿ ಪಟ್ಟೆ ನಾನೇ ಬಳಿದದ್ದು.

ಕೋಳಿ ಲಾರಿ, ಶುಂಠಿ ತುಂಬಿದ ಪಿಕಪ್
ಕೈ ಎತ್ತಿದರೆ ನಿಲ್ಲುತ್ತವೆ.
ಮೊನ್ನೆ ಒಂಟಿ ಸಲಗ
ಗಳವನ್ನು ಮುರಿಯದೆ ಪಕ್ಕಕ್ಕಿಟ್ಟು ದಾಟಿತು.
ನಾನು ರಶೀದಿ ಕೇಳಲಿಲ್ಲ.

ಬೆಳಗಿನ ಬಸ್ಸಿಗೆ ಎರವರ ಬೋಜಿ ಓಡಿಬರುತ್ತಾಳೆ,
"ತಡಿ, ತಡಿ" ಎನ್ನುತ್ತ, ಕತ್ತಿ ಸೊಂಟದಲ್ಲಿ.
ಡ್ರೈವರ್ ಬೈಯುತ್ತಲೇ ಕಾಯುತ್ತಾನೆ.
ಗುಡ್ಡ ಜಾರಿದ ವರ್ಷ ಕಟ್ಟಿದ ತಡೆಗೋಡೆಗೆ
ಆಗಲೇ ಬಸುರಿಯ ಹೊಟ್ಟೆ.
ಎಷ್ಟು ತಡೆದೀತು ಅದಾದರೂ.

ನಿನ್ನೆ ರಾತ್ರಿ ಮಂಜಿನೊಳಗೆ ಒಂದು ಜೀಪು.
ಟಾರ್ಚು ಬಿಟ್ಟೆ,
ಅಣ್ಣ, ಪೊನ್ನಪ್ಪ.
ಗದ್ದೆಯ ಮೇಲೆ ಅವನು ತಡೆಯಾಜ್ಞೆ ತಂದ ಮೇಲೆ
ಒಂಬತ್ತು ವರ್ಷಕ್ಕೆ ಇಷ್ಟು ಹತ್ತಿರ.
ಗದ್ದೆಯಲ್ಲೀಗ ಕಾಡುಕೆಸು.

ಕಾಗದ ಕೇಳಿದೆ, ಕೊಟ್ಟ.
ಪುಸ್ತಕದಲ್ಲಿ ಬರೆಯುವಾಗ
ನನ್ನದೇ ಮನೆಹೆಸರಿಗೆ ಕೈ ಎಡವಿತು.
"ತಡವಾಯಿತು" ಎಂದ,
ವಾಚು ನೋಡದೆ.

ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ಇನ್ನೂ ಬಿಸಿಯಿತ್ತು.
ದಿನಕ್ಕೆ ನೂರು ಸಲ ಆಡುವ ಮಾತು,
ಎರಡೇ ಅಕ್ಷರ,
ಗಂಟಲಲ್ಲಿ ತಡೆಯಿತು.

ಕಲ್ಲು ಒತ್ತಿದೆ.
ಗಳ ಮೇಲೆದ್ದಿತು.